ನಮ್ಮ ಫ್ರಿಜ್ಜಿಗೆ ಬಂದ ಸಮುದ್ರದ ಸ್ಪಂಜು

ಒಬ್ಬ ಮನುಷ್ಯನ ಯೋಗ್ಯತೆ ತಿಳಿಯಬೇಕಾದರೆ ಅವನ ಮನೆಯ ಫ್ರಿಜ್ಜಿನ ಬಾಗಿಲು ತೆಗೆದು ನೋಡಬೇಕು ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ನಮ್ಮ ಫ್ರಿಜ್ಜು ಅಷ್ಟು ಸಭ್ಯವಾದದ್ದು. ಹಾಲು, ಮೊಸರು, ದೋಸೆ ಹಿಟ್ಟು, ಮಾಂಬಳ್ಳಿಯಿಂದ ಮಾವನವರು ಕಳಿಸುವ ಕರಿಬೇವು, ಮೇಲಿನ ಫ್ರೀಜರಿನಲ್ಲಿ ನನ್ನ ಹೆಂಡತಿ ಗಿರಿಜೆ ಸುಗ್ಗಿಯಲ್ಲಿ ಹಿಸುಕಿ ತುಂಬಿಟ್ಟ ಅವರೆಬೇಳೆ. ಇದರಾಚೆಗೆ ಏನೂ ಇಲ್ಲ. ಮಾಂಸ, ಮೊಟ್ಟೆ ನಮ್ಮ ತಾತನ ಕಾಲದಿಂದಲೂ ಹೊಸ್ತಿಲು ದಾಟಿಲ್ಲ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಈ ಮಾತನ್ನು ದಿನಕ್ಕೆ ಒಬ್ಬರಿಗಾದರೂ ಹೇಳದಿದ್ದರೆ ನನಗೆ ಉಂಡದ್ದು ಅರಗುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ನಿಮ್ಮಲ್ಲಿ ಮುಚ್ಚಿಡುವುದೇನು? ನಾನು ಹನೂರಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಲ್ಲಿ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಬೇಕರಿ. ಮೂರು ವರ್ಷದ ಹಿಂದೆ ಒಂದು ಸಂಜೆ ಹಸಿವು ತಾಳಲಾರದೆ ವೆಜ್ ಪಫ್ಸ್ ಕೇಳಿದೆ. ಅವನು ಗಡಿಬಿಡಿಯಲ್ಲಿ ಎಗ್ ಪಫ್ಸ್ ಕೊಟ್ಟ. ಬಸ್ಸು ಹತ್ತಿ ಕಚ್ಚಿದ ಮೇಲೆ ಗೊತ್ತಾಯಿತು. ಮೊದಲ ಸಲದ ತಪ್ಪು ಬೇಕರಿಯವನದು, ಎರಡನೆಯ ಸಲದಿಂದ ನನ್ನದು. ಅಂದಿನಿಂದ ಕಾಗದದಲ್ಲಿ ಸುತ್ತಿದ ಪಫ್ಸನ್ನು ಬಟ್ಟೆಯ ಕೈಚೀಲಕ್ಕೆ ಇಳಿಬಿಟ್ಟು, ಬಸ್ಸಿನ ಹಿಂದಿನ ಸೀಟು ಹಿಡಿದು, ಚೀಲದೊಳಗೇ ಕೈಯಿಟ್ಟು ಮುರಿಮುರಿದು ತಿನ್ನುತ್ತೇನೆ. ಕೊಳ್ಳೇಗಾಲ ಬರುವಷ್ಟರಲ್ಲಿ ಬಾಯಿ ಮುಕ್ಕಳಿಸಿ ಸೋಂಪು ಅಗಿದು ಪರಿಶುದ್ಧನಾಗುತ್ತೇನೆ.

ಹೀಗೆ ಪರಿಶುದ್ಧನಾಗಿ ಬಂದ ಒಂದು ಶುಕ್ರವಾರದ ಸಂಜೆ ಮನೆಯಲ್ಲಿ ತಂಗಿಯ ಮಗಳು ಪಲ್ಲವಿ ಕೂತಿದ್ದಳು. ತಂಗಿಯನ್ನು ಯಳಂದೂರಿಗೆ ಕೊಟ್ಟಿದ್ದೇವೆ. ಪಲ್ಲವಿ ಓದಿನಲ್ಲಿ ಚುರುಕು; ಧ್ರುವದ ಕಡೆಯ ಹಿಮದ ಸಮುದ್ರಗಳ ತಳದಲ್ಲಿ ಬೆಳೆಯುವ ಸ್ಪಂಜುಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಅವಳ ಕಾಲ ಬಳಿ ಒಂದು ಥರ್ಮಕೋಲ್ ಡಬ್ಬಿ. ಅದರೊಳಗೆ ಬೆರಳುದ್ದದ ನಳಿಗೆಗಳು, ನಳಿಗೆಗಳಲ್ಲಿ ಉಗುರಿನಷ್ಟುದ್ದದ ಸ್ಪಂಜಿನ ತುಣುಕುಗಳು. ಅದನ್ನು ಮೈಸೂರಿನ ಒಂದು ಲ್ಯಾಬಿಗೆ ಒಪ್ಪಿಸಬೇಕಾಗಿತ್ತು. ಅಲ್ಲಿಯ ಫ್ರೀಜರು ಕೆಟ್ಟು ಸೋಮವಾರಕ್ಕೆ ಸರಿಯಾಗುವುದಂತೆ. ಅಲ್ಲಿಯವರೆಗೆ ನಮ್ಮ ಫ್ರೀಜರಿನಲ್ಲಿ ಇಟ್ಟುಕೊಳ್ಳಿ ಎಂದು ಕೇಳಲು ಬಂದಿದ್ದಳು. ಅವಳ ಸ್ವಂತ ತಾಯಿ, ಎಂದರೆ ನನ್ನ ತಂಗಿ, ಸಮುದ್ರದ ಪ್ರಾಣಿ ನನ್ನ ಅಡಿಗೆಮನೆಗೆ ಬೇಡ, ನಿಮ್ಮ ಮಾವ ಓದಿದವರು, ಅವರಿಗೆ ಅರ್ಥವಾಗುತ್ತದೆ ಎಂದು ಸಾಗಹಾಕಿದ್ದಳು.

ಅರ್ಥವೇನೋ ಆಯಿತು. ಆದರೆ ಹೊಟ್ಟೆಯಲ್ಲಿ ಇನ್ನೂ ಬೆಚ್ಚಗಿದ್ದ ಎಗ್ ಪಫ್ಸ್ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಕದ್ದು ತಿಂದವನಿಗೆ ಮಡಿ ಜಾಸ್ತಿ ನೋಡಿ. ತಾತನ ಕಾಲದಿಂದ ಎಂದು ಶುರು ಮಾಡಿ, ಹೊಸ್ತಿಲಿನ ಮೇಲೆ ಹಾಯ್ದು, ಇಂದು ಸ್ಪಂಜು ಬಂದರೆ ನಾಳೆ ಸಿಗಡಿ ಬರುತ್ತದೆ ಎಂಬಲ್ಲಿಗೆ ಭಾಷಣ ಮುಗಿಸಿದೆ. ಪಲ್ಲವಿಯ ಮುಖ ಸಪ್ಪಗಾಯಿತು. ಡಬ್ಬಿಯ ಐಸು ಕರಗುತ್ತಿದೆ ಮಾವ, ಹಡಗಿನಲ್ಲಿ ಹೋಗಿ ತಂದದ್ದು, ಇದು ಹಾಳಾದರೆ ನನ್ನ ಮೂರು ವರ್ಷ ನೀರಿಗೆ ಹೋದ ಹಾಗೆ, ಇನ್ನೊಂದು ಸಲ ಹಡಗು ಹತ್ತಿಸುವವರು ಯಾರೂ ಇಲ್ಲ ಎಂದಳು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ನನಗೂ ಒಳಗೊಳಗೇ ಚುರುಕ್ಕೆಂದಿತು, ಆದರೆ ಭಾಷಣ ಮಾಡಿಬಿಟ್ಟಿದ್ದೆನಲ್ಲ.

ಹಜಾರದಲ್ಲಿ ಕಾಲು ಚಾಚಿ ದಂಟಿನ ಸೊಪ್ಪು ಬಿಡಿಸುತ್ತಿದ್ದ ನಮ್ಮವ್ವ ಆಗ ವಿಚಾರಣೆ ಕೈಗೆತ್ತಿಕೊಂಡಳು. ಅವ್ವನಿಗೆ ಎಂಬತ್ತು ದಾಟಿದೆ. ಸ್ಪಂಜು ಎಂದರೆ ಅವಳಿಗೆ ಗೊತ್ತಿದ್ದದ್ದು ಗಿರಿಜೆ ಪಾತ್ರೆ ಉಜ್ಜುವ ಹಳದಿ ತುಂಡು. ಅದರ ಮೇಲೂ ಅವಳಿಗೆ ಗೌರವವಿಲ್ಲ, ಹೀರೇಕಾಯಿ ನಾರೇ ವಾಸಿ ಎನ್ನುತ್ತಾಳೆ.

"ಅದುಕ್ಕೆ ಕಣ್ಣು ಅದಾ ಕೂಸೆ?" ಎಂದಳು.

ಇಲ್ಲ ಅಜ್ಜಿ ಎಂದಳು ಪಲ್ಲವಿ. ಬಾಯಿ? ಇಲ್ಲ. ರಕ್ತ? ಅದೂ ಇಲ್ಲ. ಓಡಾಡುತ್ತದೋ? ಬಂಡೆಗೆ ಅಂಟಿಕೊಂಡು ಕೂತರೆ ಕೂತಲ್ಲೇ.

"ಅಂಗಾರ ಸೊಪ್ಪೇಯ ಬುಡು," ಎಂದು ಅವ್ವ ದಂಟಿನ ಕಟ್ಟಿನ ಮೇಲೆ ಕೈಯಿಟ್ಟಳು. ನಾನು ಬಿಡಲಿಲ್ಲ. ಪುಸ್ತಕದಲ್ಲಿ ಪ್ರಾಣಿ ಎಂದೇ ಬರೆದಿದೆ ಎಂದೆ. ಪುಸ್ತಕ ಬರೆದವನು ಅದನ್ನು ಬಿಡಿಸಿ ಸಾರು ಮಾಡಿದ್ದನೇ ಎಂದು ಅವ್ವ ಕೇಳಿದಳು. ಬಾಯಿಲ್ಲದ ಮೇಲೆ ಹೊಟ್ಟೆಗೆ ಏನು ಮಾಡುತ್ತದೆ ಎಂಬುದು ಮಾತ್ರ ಅವಳಿಗೂ ತಿಳಿಯಬೇಕಾಗಿತ್ತು.

ಪಲ್ಲವಿ ಕಣ್ಣೊರೆಸಿಕೊಂಡು ಹೇಳಿದಳು. ಸ್ಪಂಜಿನ ಮೈತುಂಬ ತೂತುಗಳಂತೆ. ಹಗಲೂ ರಾತ್ರಿ ಸಮುದ್ರದ ನೀರನ್ನು ಒಂದು ಕಡೆ ಎಳೆದುಕೊಂಡು ಇನ್ನೊಂದು ಕಡೆ ಬಿಡುತ್ತಲೇ ಇರುತ್ತದಂತೆ. ನೀರು ಹೋಗುತ್ತದೆ, ನೀರಿನಲ್ಲಿದ್ದದ್ದು ಅಷ್ಟಿಷ್ಟು ಉಳಿಯುತ್ತದೆ, ಅದೇ ಅದರ ಊಟ. ಆ ತೂತುಗಳಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಬಿಡಾರ ಹೂಡಿರುತ್ತವೆ. ಒಂದು ಅನ್ನ ಒದಗಿಸುತ್ತದೆ, ಒಂದು ಕಸ ಬಳಿಯುತ್ತದೆ, ಇನ್ನೊಂದು ಬಂದ ವಿಷವನ್ನು ಅರಗಿಸುತ್ತದೆ. ನಮ್ಮ ದೊಡ್ಡಪ್ಪನ ಕಾಲದ ಕೂಡು ಕುಟುಂಬದಂತೆಯೇ, ಜಗಳ ಮಾತ್ರ ಕಡಿಮೆ. ಆದರೆ ಈಗ ಮನುಷ್ಯರ ಸುಳಿವಿಲ್ಲದ ಆ ಹಿಮದ ಸಮುದ್ರಕ್ಕೂ ನಾವು ಹೊಲಕ್ಕೆ ಹೊಡೆದ ಔಷಧಿ, ಚೆಲ್ಲಿದ ಎಣ್ಣೆ, ಎಸೆದ ಪ್ಲಾಸ್ಟಿಕ್ಕಿನ ಪುಡಿ ಹೋಗಿ ಸೇರುತ್ತಿದೆಯಂತೆ. ಹಾಗೆ ಸೇರಿದಾಗ ಆ ಸಂಸಾರದಲ್ಲಿ ಯಾರು ಉಳಿಯುತ್ತಾರೆ, ಯಾರು ಮನೆ ಬಿಡುತ್ತಾರೆ ಎಂಬುದೇ ಅವಳ ಸಂಶೋಧನೆ. ಉಗುರಿನಷ್ಟು ತುಣುಕು ಸಾಕು ಅಜ್ಜಿ, ಅದರ ಮೂಲಕ ಏನೇನು ಹಾದುಹೋಗಿದೆ ಎಂದು ಹೇಳಿಬಿಡಬಹುದು ಎಂದಳು. ನಾನು ಯಾಕೋ ಒಂದು ಹೆಜ್ಜೆ ಹಿಂದೆ ಸರಿದೆ.

ಅವ್ವ ಒಂದು ದಂಟು ಮುರಿದು ಮೊರಕ್ಕೆ ಹಾಕಿ, "ಊರೋರ್ ಕೊಳೆನೆಲ್ಲ ಒಳಗಿಟ್ಕಂಡು ಸುಮ್ಕ ಕೂತದ ಅಂದ್ರ, ಅದು ಹೆಂಗ್ಸೇ ಕನ," ಎಂದಳು. ಗಿರಿಜೆ ಅಡಿಗೆಮನೆಯಿಂದ ನಕ್ಕಳು. ತೀರ್ಪು ಬಂತು: ಡಬ್ಬಿ ಸೋಮವಾರದವರೆಗೆ ಇರಬಹುದು, ಅವರೆಬೇಳೆಗೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿಡಬೇಕು.

ಐಸು ಕರಗುತ್ತಿತ್ತಲ್ಲ, ಪಲ್ಲವಿ ಬಟ್ಟೆ ಹುಡುಕುತ್ತ ಕೂರಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ್ದ ನನ್ನ ಕೈಚೀಲವನ್ನು ತೆಗೆದಳು. ಅಯ್ಯೋ ಅದು ಬೇಡ, ಕೊಳೆಯಾಗಿದೆ ಎಂದು ನಾನು ಹಾರಿದೆ. ಕೊಳೆಯಾದರೆ ಕೊಡವಿದರಾಯಿತು ಎಂದು ಅವಳು ಚೀಲವನ್ನು ಒಳಹೊರಗು ಮಾಡಿ ಅವ್ವನ ಸೊಪ್ಪಿನ ಮೊರದ ಪಕ್ಕದಲ್ಲೇ ಝಾಡಿಸಿದಳು. ಪದರ ಪದರವಾದ ಪುಡಿ ಉದುರಿತು. ಎಣ್ಣೆ ಹೀರಿದ ಕಾಗದ ಬಿತ್ತು. ಕೊನೆಗೆ, ಅವಳ ಸ್ಪಂಜಿನ ತುಣುಕಿನಷ್ಟೇ ಗಾತ್ರದ ಒಂದು ಹಳದಿ ಚೂರು ಉರುಳಿಕೊಂಡು ಹೋಗಿ ಅವ್ವನ ಕಾಲ ಬಳಿ ನಿಂತಿತು. ಪಲ್ಲವಿ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ವಿಜ್ಞಾನಿ ನೋಡಿ, ಸುಳ್ಳು ಹೇಳಲಾರಳು.

"ಮೊಟ್ಟೆ ಮಾವ," ಎಂದಳು ಮೆಲ್ಲಗೆ.

ನಾನು ಗಿರಿಜೆಯ ಕಡೆ ನೋಡಿದೆ. ಅವಳಿಗೆ ಆಶ್ಚರ್ಯವೇ ಆಗಿರಲಿಲ್ಲ. "ಭಾನುವಾರ ಭಾನುವಾರ ಈ ಚೀಲ ಒಗೆಯೋರು ಯಾರು ಅಂದ್ಕಂಡಿದ್ರಿ? ಮೂರು ವರ್ಸದಿಂದ ಗೊತ್ತು ಕಣ್ರಿ," ಎಂದು ಡಬ್ಬಿಯನ್ನು ತಾನೇ ಎತ್ತಿ, ಹಳೆಯ ಬಟ್ಟೆಯಲ್ಲಿ ಕಟ್ಟಿ, ಅವರೆಬೇಳೆಯನ್ನು ಬದಿಗೆ ತಳ್ಳಿ ಫ್ರೀಜರಿನಲ್ಲಿಟ್ಟಳು. ಮೂರು ವರ್ಷ! ಬೀದಿಯವರ ಮುಂದೆ ನಾನು ತಾತನ ಹೊಸ್ತಿಲು ಹೊಗಳುವಾಗಲೆಲ್ಲ ಪಕ್ಕದಲ್ಲೇ ನಿಂತು ಹೂಂ ಎಂದಿದ್ದವಳು. ನಾಚಿಕೆಯಿಂದ ನನಗೆ ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲ.

ಆದರೂ ಮೇಷ್ಟ್ರ ಬಾಯಿ ಸುಮ್ಮನಿರುತ್ತದೆಯೇ? ಅವ್ವನ ಅಸ್ತ್ರವನ್ನೇ ಅವ್ವನ ಮೇಲೆ ಬಿಟ್ಟೆ. ಮೊಟ್ಟೆಗೆ ಕಣ್ಣಿದೆಯೇ? ಬಾಯಿದೆಯೇ? ರಕ್ತವಿದೆಯೇ? ಇಟ್ಟ ಕಡೆಯಿಂದ ಅಲುಗಾಡುತ್ತದೆಯೇ? ನಿನ್ನ ಲೆಕ್ಕದಲ್ಲಿ ಅದೂ ಸೊಪ್ಪೇ ಅಲ್ಲವೇ ಎಂದು ಜೋರಾಗಿಯೇ ವಾದಿಸಿದೆ.

"ಮೊಟ್ಟೆದೇನು ತಪ್ಪಿಲ್ಲ ಕಣ್ಲಾ," ಎಂದಳು ಅವ್ವ. "ಬಾಯಿಲ್ದೇ ಇರೋ ಅದು ನಿಜ ಏಳ್ತದ. ಬಾಯಿರೋ ನೀನು ಸುಳ್ಳೇಳ್ತಿದ್ದೀಯ. ತಿನ್ನಂಗಿದ್ರ ತಿನ್ನು, ಬಂದು ನಿಜ ಏಳು."

ಸೋಮವಾರ ಬೆಳಿಗ್ಗೆ ಪಲ್ಲವಿ ಗಟ್ಟಿ ಹೆಪ್ಪುಗಟ್ಟಿದ ಡಬ್ಬಿ ಹಿಡಿದು ನಗುನಗುತ್ತ ಮೈಸೂರಿನ ಬಸ್ಸು ಹತ್ತಿದಳು. ನನ್ನ ಕಷ್ಟ ಶುರುವಾದದ್ದು ಅಂದೇ ಸಂಜೆ. ಹೊಸ್ತಿಲಿನ ಬಳಿಯೇ ಅವ್ವನ ಪ್ರಶ್ನೆ: ತಿಂದ್ಯಾ? ತಿಂದೆ ಅವ್ವ. ಹಾಗಾದರೆ ಕೈಕಾಲು ತೊಳೆದು ಬಾ. ಅಷ್ಟೇ; ಬೈಗುಳವಿಲ್ಲ, ಏನಿಲ್ಲ. ಆದರೆ ಅಪ್ಪಣೆ ಪಡೆದು ತಿಂದ ಎಗ್ ಪಫ್ಸಿನ ರುಚಿ ಏನೆಂದು ಹೇಳಲಿ? ಒದ್ದೆ ರಟ್ಟು. ಎರಡು ವಾರ ಕಷ್ಟಪಟ್ಟು ನುಂಗಿ, ಮೂರನೆಯ ವಾರ ಬಿಟ್ಟೇಬಿಟ್ಟೆ. ಮೊಟ್ಟೆಯ ಪರವಾಗಿ ಅಷ್ಟು ವಾದ ಮಾಡಿದವನು ಬಿಟ್ಟೆನೆಂದು ಯಾವ ಬಾಯಲ್ಲಿ ಹೇಳಲಿ? ಅದಕ್ಕೇ ಸಂಜೆ ಅವ್ವ ಕೇಳಿದಾಗ ಎಂದಿನಂತೆ, ತಿಂದೆ ಅವ್ವ ಎಂದೆ.

ಗಿರಿಜೆ ಬಂದು ನನ್ನ ಕೈಯಿಂದ ಚೀಲ ತೆಗೆದುಕೊಂಡಳು. ಒಳಹೊರಗು ಮಾಡಿ ಅವ್ವನ ಮುಂದೆ ಝಾಡಿಸಿದಳು. ಒಂದು ಪುಡಿಯೂ ಬೀಳಲಿಲ್ಲ.