ಕಿರ್, ಆಮೇಲೆ ಧಡ್

ಮೂರನೇ ಮಹಡಿಯ ಬಾಗಿಲ ಮುಂದೆ ಬೋರಲು ಮಲಗಿ, ಕೆನ್ನೆಯನ್ನು ನೆಲಕ್ಕೊತ್ತಿ, ಗಡಿಯಾರ ರಿಪೇರಿಯವನು ಬಾಗಿಲಡಿಯ ಸಂದಿಗೆ ಚಿಮಟ ತೂರಿಸಿದ್ದ. ಕಾಗದದ ಮೂಲೆ ಸಿಕ್ಕಿತು. ಉಸಿರು ಬಿಗಿಹಿಡಿದು ಎಳೆದ. ಒಂದಂಗುಲ ಬಂತು. ಇನ್ನೊಂದಂಗುಲ. ಆಮೇಲೆ ಕಾಗದ ನಿಂತಿತು. ಸ್ವಲ್ಪ ಯೋಚಿಸಿದಂತೆ ಮಾಡಿ, ಒಳಕ್ಕೆ ಹೊರಟಿತು. ಅದರ ಹಿಂದೆಯೇ ಚಿಮಟವೂ ಹೋಯಿತು.

ಅವನು ಮೆಟ್ಟಿಲು ಇಳಿದದ್ದು ಹೇಗೆಂದು ಅವನ ಕಾಲುಗಳಿಗೇ ಗೊತ್ತಿಲ್ಲ.

ಎರಡನೇ ಮಹಡಿಯಲ್ಲಿ, ಪರೀಕ್ಷೆ ಬರೆದು ಬಂದವನನ್ನು ಮುತ್ತುವ ಹಾಗೆ ಎದುರುಮನೆಯಾಕೆಯೂ ಪಕ್ಕದ ನಿವೃತ್ತ ಮೇಷ್ಟ್ರೂ ಮುತ್ತಿದರು.

"ಸಿಕ್ತೇನ್ರೀ ಕಾಗದ?"

"ಒಳಗಡೆಯಿಂದ ಎಳ್ಕೊಂಡ್ರು ಅಕ್ಕಾ. ಚಿಮಟಾನೂ ಹೋಯ್ತು."

"ಮುಗೀತು ಬಿಡಿ," ಎಂದಳು ಎದುರುಮನೆಯಾಕೆ, ಸಂತೋಷವನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ.

ಎಂಟು ದಿನದ ಹಿಂದೆ ಮೇಲಿನ ಮನೆಗೆ ಯಾರೋ ಬಂದಿದ್ದರು. ಅಂದಿನಿಂದ ಅವನ ಮರದ ಚಾವಣಿಯಲ್ಲಿ ಬೆಳಗ್ಗೆ ಐದಕ್ಕೆ ಧಡಧಡ ಶುರುವಾದರೆ ನಿಲ್ಲುತ್ತಿರಲಿಲ್ಲ. ಸಾಸಿವೆಗಿಂತ ಸಣ್ಣ ಸ್ಕ್ರೂಗಳು ಮೇಜಿನಿಂದ ಮಿಡತೆಗಳಂತೆ ಹಾರಿ ಮಾಯವಾಗುತ್ತಿದ್ದವು. ಈ ದಿನ ಬೆಳಗ್ಗೆ ಸಿಟ್ಟು ನೆತ್ತಿಗೇರಿ, ಒಂದು ದೂರು ಬರೆದು, ಹೆಸರು, ಮನೆ ನಂಬರು ಹಾಕಿ, ಆ ಬಾಗಿಲಡಿ ತೂರಿಸಿ ಬಂದಿದ್ದ. ಹತ್ತು ನಿಮಿಷದ ಮೇಲೆ, ಅಲ್ಲಿರುವವಳು ಯಾರೆಂದು ಎದುರುಮನೆಯಾಕೆ ತಿಳಿಸಿದ್ದಳು. ಈಗ ಮತ್ತೆ ಅದನ್ನೇ ಎತ್ತಿದಳು.

"ಪೇಪರ್ ಓದಲ್ವೇನ್ರೀ ನೀವು? ಎಂಎಂಎ ಚಾಂಪಿಯನ್! ಆ ಪಂಜರದೊಳಗೆ ಗುದ್ದೋದು, ಒದೆಯೋದು, ಕತ್ತು ಹಿಸುಕೋದು, ಎಲ್ಲಾ ನಡೆಯುತ್ತೆ. ಮೊದಲ್ನೇ ಪಂದ್ಯ ಹತ್ತೊಂಬತ್ತೇ ಸೆಕೆಂಡು. ಎದುರಾಳಿಗೆ ಎಚ್ಚರ ಆದಾಗ ಆಂಬುಲೆನ್ಸ್‌ನಲ್ಲಿದ್ಲಂತೆ."

"ಐದು ಸಲ ಪಟ್ಟ ಉಳಿಸ್ಕೊಂಡವಳು," ಮೇಷ್ಟ್ರು ಪಾಠ ಮುಂದುವರಿಸಿದರು. "ಮೂರನೇ ಸಲ ತನ್ನದೇ ಬೆರಳು ಮುರಿದಿತ್ತು. ಕೊನೇವರೆಗೂ ಅದೇ ಕೈಯಲ್ಲಿ ಹೊಡೆದ್ಲು. ಆದ್ರೆ ಎರಡು ತಿಂಗಳ ಹಿಂದೆ ಸೋತ್ಲು ನೋಡಿ, ಈಗ ಅದೇ ಅಪಾಯ. ಶನಿವಾರ ಮತ್ತೆ ಆ ಸೋಲಿಸಿದವಳ ಜೊತೇನೇ ಪಂದ್ಯ. ಸೋತ್ರೆ ಪಂಜರದ ಬಾಗಿಲು ಮುಚ್ಚಿದ ಹಾಗೇ. ಗಾಯಗೊಂಡ ಹುಲಿ ಅದು. ಏನು ಬರ್ದಿದ್ರಿ?"

"ಮನೇಲಿ ಆನೆ ಕಟ್ಟಿದ್ದೀರಾ ಅಂತ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. "ಅಷ್ಟೇನಾ?"

"ಕಾಲೂ ಸರಿಯಿಲ್ಲ, ಡಾಕ್ಟರಿಗೆ ತೋರಿಸಿ ಅಂತಾನೂ..."

"ನೋಡದೇ ಇರೋ ಕಾಲಿಗೆ ಸರ್ಟಿಫಿಕೇಟ್ ಬೇರೆ!"

"ಕೇಳ್ಸುತ್ತಲ್ಲ ಮೇಷ್ಟ್ರೇ. ಎರಡು ಹಗುರ ಹೆಜ್ಜೆ, ಆಮೇಲೆ ಹಿಮ್ಮಡಿ ಕಿರ್ ಅಂತ ಜಾರುತ್ತೆ. ಅರ್ಧ ಸೆಕೆಂಡು ಬಿಟ್ಟು ಧಡ್. ಒಂದು ಸಲಾನೂ ತಪ್ಪಲ್ಲ. ಹಲ್ಲು ಸವೆದ ಚಕ್ರ ಹಾಗೇ ಮಾಡೋದು. ಎಂಟು ದಿನದ್ದೂ ಆ ಕಾಗದದಲ್ಲಿ ಬರೆದಿದ್ದೆ."

ಮೇಲೆ ಬಾಗಿಲು ತೆರೆದ ಸದ್ದಾಯಿತು.

"ನೀವಿಬ್ರೂ ಇಲ್ಲೇ ಇರ್ತೀರಲ್ವಾ?"

"ಇರದೆ ಏನು! ನೆರೆಹೊರೆ ಅಂದ್ಮೇಲೆ..." ಎಂದ ಮೇಷ್ಟ್ರ ಉಳಿದ ಮಾತು ಅವರ ಬಾಗಿಲ ಹಿಂದೆಯೇ ಉಳಿಯಿತು. ಎದುರುಮನೆಯ ಚಿಲಕ ಅದಕ್ಕೂ ಮುಂಚೆ ಬಿದ್ದಿತ್ತು.

ಅವನು ಒಳಗೋಡಿ ಅಗುಳಿ ಹಾಕಿದ. ಅಗುಳಿ ಹಳೆಯದು. ಮಂಚದ ಮೇಲಿನ ಹತ್ತಿ ಹಾಸಿಗೆಯನ್ನು ಎಳೆದು ತಂದು ಬಾಗಿಲಿಗೆ ನಿಲ್ಲಿಸಿ, ಬೆನ್ನು ಕೊಟ್ಟು ನಿಂತ. ಹೊರಗೆ ಹೆಜ್ಜೆಗಳು ಇಳಿಯುತ್ತಿದ್ದವು. ಹದಿನೆಂಟು ಮೆಟ್ಟಿಲೆಂದು ಅವನಿಗೆ ಗೊತ್ತಿತ್ತು. ಹದಿನಾರರವರೆಗೆ ಎಣಿಸಿದ, ಉಳಿದೆರಡಕ್ಕೆ ಎದೆಯ ಬಡಿತ ಅಡ್ಡ ಬಂತು.

ಅವಳು ತಟ್ಟಿದ್ದು ಮೆಲ್ಲಗೇ. ಅಗುಳಿ ಕಿತ್ತುಬಂತು. ಹಾಸಿಗೆ ಕವುಚಿಬಿತ್ತು, ಅದರಡಿ ಅವನು.

ಒಂದೇ ಕೈ ಹಾಸಿಗೆಯನ್ನು ಹಪ್ಪಳದಂತೆ ಎತ್ತಿತು. ಕಲಸಿಟ್ಟ ಹಿಟ್ಟಿನಂತೆ ಊದಿದ ಕಿವಿ, ಹುಬ್ಬಿನ ಮೇಲೆ ಹೊಲಿಗೆ. ಇನ್ನೊಂದು ಕೈಯಲ್ಲಿ ಕಾಗದ.

"ಚಿಮಟ ನಿಮ್ದೇನಾ?"

"ನಂದಲ್ಲ... ನಂದೇ. ತಪ್ಪಾಯ್ತು ತಾಯಿ. ಆನೆ ಅಂದಿದ್ದು ಗೌರವಕ್ಕೆ."

"ಆನೆ ಬಿಡಿ. ಇದ್ರಲ್ಲಿ ಕಿರ್ ಅಂತ ಬರ್ದಿದ್ದೀರಲ್ಲ, ನಿಜವಾಗ್ಲೂ ಪ್ರತಿ ಸಲ ಬರುತ್ತಾ?"

"ನೀವು ಬರಲ್ಲ ಅಂದ್ರೆ ಬರಲ್ಲ."

"ನಿಜ ಹೇಳಿ ಅಣ್ಣಾ!"

"ಬರುತ್ತೆ," ಎಂದು ಕಣ್ಣು ಮುಚ್ಚಿ ಪೆಟ್ಟಿಗಾಗಿ ಕಾದ.

ಪೆಟ್ಟು ಬರಲಿಲ್ಲ. ಕಣ್ಣು ತೆರೆದರೆ ಅವಳು ಅವನ ಸ್ಟೂಲಿನ ಮೇಲೆ ಕುಸಿದಿದ್ದಳು. ಕಾಗದದ ಆ ಸಾಲಿನ ಮೇಲೆ ಬೆರಳಿಟ್ಟಳು.

"ಹೋದ ಪಂದ್ಯದಲ್ಲಿ ನಾನು ಒದೆಯೋಕೆ ಮುಂಚೇನೇ ಅವಳಿಗೆ ಗೊತ್ತಾಗ್ಬಿಡ್ತಿತ್ತು. ಹೇಗೆ ಅಂತ ಕೋಚ್ ನೂರು ಸಲ ವಿಡಿಯೋ ನೋಡಿದ್ರು, ಸಿಗ್ಲಿಲ್ಲ. ಎರಡು ತಿಂಗಳಿಂದ ನಿದ್ದೆ ಇಲ್ಲ ನಂಗೆ. ಒದೆಯೋಕೆ ಮುಂಚೆ ನನ್ನ ಹಿಮ್ಮಡಿ ಜಾರುತ್ತೆ ಅಂತ ನೀವು ಕಣ್ಣಲ್ಲಿ ನೋಡ್ದೇನೇ ಹಿಡ್ಕೊಂಡ್ರಿ."

ಅವನಿಗೆ ಪ್ರಾಣ ಮರಳಿತು. ಜೊತೆಗೆ ಒಂದಿಷ್ಟು ಜಂಬವೂ. ಎದುರುಮನೆಯ ಬಾಗಿಲು ಬೆರಳಗಲ ತೆರೆಯಿತು.

"ಕಿವಿ ಅಂದ್ರೆ ಕಿವಿ," ಎಂದ.

"ಅದಕ್ಕೇ ಅಣ್ಣಾ, ಶನಿವಾರದೊಳಗೆ ಅದು ನಿಲ್ಬೇಕು. ಇಷ್ಟು ದಿನ ಹಿಂದಿನ ರೂಮಲ್ಲೂ ಅರ್ಧ ಹೊತ್ತು ಪ್ರಾಕ್ಟೀಸ್ ಮಾಡ್ತಿದ್ದೆ. ಇನ್ಮೇಲೆ ಪೂರ್ತಿ ನಿಮ್ಮ ತಲೆ ಮೇಲೇನೇ. ನಾಲ್ಕು ಗಂಟೆಗೇ ಶುರು. ಕಿರ್ ಅಂದಾಗೆಲ್ಲ ನೀವು ಕೋಲಲ್ಲಿ ಚಾವಣಿಗೆ ಕುಟ್ಟಿ."

ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದ ಏಳು ಗಡಿಯಾರಗಳನ್ನು ಅವನು ನೋಡಿದ. ಆಮೇಲೆ ನೆಲದಲ್ಲಿ ಬಿದ್ದಿದ್ದ ಹಾಸಿಗೆಯನ್ನು ಎರಡೂ ಕೈಯಲ್ಲಿ ತಬ್ಬಿ, ಅವಳ ಮುಂದೆ ಹಿಡಿದ.

"ಕುಟ್ತೀನಿ ತಂಗೀ, ಖಂಡಿತ ಕುಟ್ತೀನಿ. ಇದೊಂದು ತಗೊಂಡ್ಹೋಗಿ ಕಾಲಡಿ ಹಾಸ್ಕೊಂಡ್ಬಿಡು. ನಾನು ನೆಲದ ಮೇಲೇ ಮಲಗ್ತೀನಿ. ಹೊಸ ಹತ್ತಿ, ಹಿಮ್ಮಡಿಗೂ ಹಿತ."

ಅವಳು ಹಾಸಿಗೆಯನ್ನು ಒಂದು ಬೆರಳಿನಿಂದ ಒತ್ತಿ ನೋಡಿದಳು.

"ಬೇಡ. ಇದನ್ನ ಹಾಸಿದ್ರೆ ನಿಮಗೆ ಕೇಳ್ಸಲ್ಲ."