ಅತ್ತೆಯ ತೂಕಕ್ಕೆ ತಕ್ಕ ಮೋಟರು

ನಮ್ಮ ಸೋದರಮಾವನಿಗೆ ಹೆಂಡತಿಯ ತೂಕ ಗೊತ್ತಿಲ್ಲದ ಕಾರಣ ಮೊಳಕಾಲ್ಮುರಿನ ಒಂದಿಡೀ ಓಣಿಯ ಫ್ಯಾನುಗಳು ನಿಂತುಹೋದವು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಆದರೆ ಆ ಹೊತ್ತಿಗೆ ತಲೆಯ ಮೇಲೆ ಶೇಂಗಾ ಸುರಿಸಿಕೊಂಡು ನಿಂತಿದ್ದವಳು ನಾನೇ!

ಮಾವನ ಸ್ವಭಾವ ಮೊದಲು ಹೇಳಿಬಿಡುತ್ತೇನೆ. ಯಾವ ವಸ್ತುವೂ ಇನ್ನೊಂದರ ಭಾರ ತಡೆಯುತ್ತದೆಂಬ ನಂಬಿಕೆ ಅವರಿಗಿಲ್ಲ. ಕ್ಯಾಲೆಂಡರಿಗೆ ಎರಡು ಮೊಳೆ. ಲುಂಗಿಗೆ ಗಂಟು, ಗಂಟಿನ ಮೇಲೆ ಬೆಲ್ಟು, ಬೆಲ್ಟಿನ ಮೇಲೆ ಟವೆಲ್ಲು. ಚಳ್ಳಕೆರೆಯ ನಮ್ಮ ಮನೆಗೆ ನನ್ನ ಮಗಳ ತೊಟ್ಟಿಲು ಕಟ್ಟಲು ಬಂದವರು ನಾಲ್ಕು ಹಗ್ಗ ಸಾಲದೆಂದು ನಡುವೆ ಐದನೆಯದನ್ನೂ ಕಟ್ಟಿದರು. ಮಗು ಮಲಗಿದ್ದಕ್ಕಿಂತ ಆ ಹಗ್ಗ ಹಿಡಿದು ಎದ್ದು ಕೂತಿದ್ದೇ ಹೆಚ್ಚು!

ಇಂಥವರು ಭಾರ ಎತ್ತುವ ವಿಂಚ್ ಮೋಟರು ಕೊಳ್ಳಲು ಹೊರಟದ್ದು ಅತ್ತೆಗಾಗಿ. ಅತ್ತೆ ರೇಷ್ಮೆ ಸೀರೆ ನೇಯುವವರು. ಗುಂಡಿ ಮಗ್ಗದಲ್ಲಿ ನೆಲದ ಅಂಚಿಗೆ ಕೂತು, ಕಾಲನ್ನು ಗುಂಡಿಗೆ ಇಳಿಬಿಟ್ಟು ನೇಯಬೇಕು. ಅವರ ಕಾಲಿಗೆ ತುಳಿಯುವ ಬಲವಿತ್ತು. ಮಂಡಿಗೆ ನೆಲದಲ್ಲಿ ಕೂತು ಏಳುವ ಬಲ ಹೋಗಿತ್ತು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಉಳಿಯಿತು. ಬೇರೆಯವರು ಕೂತು ಮುಗಿಸಬಾರದೇ? ಕೈ ಬದಲಾದರೆ ಎಳೆ ಕೂರಿಸುವ ಹಣಿಗೆಯ ಪೆಟ್ಟು ಬದಲಾಗುತ್ತದೆ, ಪೆಟ್ಟು ಬದಲಾದರೆ ಸೀರೆಯ ನಡುವೆ ಗೆರೆ ಬೀಳುತ್ತದೆ. ಅತ್ತೆ ಯಾರನ್ನೂ ಕೂರಗೊಡಲಿಲ್ಲ. ಮಂಚದಿಂದಲೇ ಆ ಸೀರೆಯನ್ನು ನೋಡುತ್ತಾ ಕೂರುವರು. ತಟ್ಟೆಯಲ್ಲಿ ಅನ್ನ ಆರುತ್ತಿತ್ತು.

ಒಮ್ಮೆ ಮಾವ ತಾವೇ ಎತ್ತಿ ಕೂರಿಸಲು ಹೋಗಿ ಸೊಂಟ ಹಿಡಿದುಕೊಂಡು ಪಕ್ಕದ ಮಂಚ ಸೇರಿದರು. ಅಲ್ಲಿ ಮಲಗಿಯೇ ಅವರಿಗೆ ಹೊಳೆದದ್ದು ವಿಂಚು!

"ಬಾವಿ ಹೂಳು ತೆಗೆಯೋವಾಗ ನೋಡಿಲ್ವೇನವ್ವಾ? ಬಂಡೇನೇ ಎತ್ತುತ್ತೆ. ನಿಮ್ಮತ್ತೇನ ಎತ್ತಲ್ವಾ?"

"ಪಿಚ್ಚಿ ಪಟ್ಟಿಂದಾ ನೀಕು?" ಎಂದರು ಅತ್ತೆ. ಅವರು ಮಾತಾಡುವುದು ಕನ್ನಡ, ಬೈಯುವುದು ಮಾತ್ರ ತೆಲುಗು. ಹುಚ್ಚು ಹಿಡಿಯಿತೇ ಎಂದು ಕೇಳಿ ಆ ಕಡೆ ತಿರುಗಿದವರು ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದರು: "ಕೂರೋಕೆ ಏನು ಕಟ್ತೀರಿ?"

ಅಷ್ಟು ಸಾಕಾಯಿತು. ಮಾವ ಮಗ್ಗದ ಗುಂಡಿಯ ನೇರಕ್ಕೆ ತೊಲೆಗೆ ಕೊಕ್ಕೆ ಹಾಕಿಸಿದರು (ಎರಡು ಕೊಕ್ಕೆ ಎಂದು ಬೇರೆ ಹೇಳಬೇಕೇ?), ಉಯ್ಯಾಲೆಯಂತೆ ಒಂದು ಮಣೆ ತೂಗುಬಿಟ್ಟರು, ಚಳ್ಳಕೆರೆಗೆ ಬಂದರು. ಎಣ್ಣೆ ಮಿಲ್ಲುಗಳ ಹಳೆಯ ಮೋಟರು ಮಾರುವ ಅಂಗಡಿಗೆ ಅವರ ಜೊತೆ ನಾನೂ ಹೋದೆ.

"ಎಷ್ಟು ತೂಕ ಎತ್ಬೇಕು ಯಜಮಾನ್ರೇ?"

"ಅದು... ಒಂದು ಹೆಂಗಸಿನಷ್ಟು."

"ಹೆಂಗಸ್ರಲ್ಲೂ ಸೈಜು ಇರ್ತಾವಲ್ರೀ!"

ಮಾವ ನನ್ನ ಮುಖ ನೋಡಿದರು. ನಾನು ಪಂಪ್‌ಸೆಟ್ಟು ನೋಡಿದೆ. ಅತ್ತೆಯ ತೂಕ ಕೇಳುವ ಗಂಡಸು ಹುಟ್ಟಿಲ್ಲ! ಕೊನೆಗೆ ಕಣ್ಣು ತೋರಿಸುವ ನೆಪದಲ್ಲಿ ಅತ್ತೆಯನ್ನು ಕರೆತಂದು, ಬಸ್‌ಸ್ಟ್ಯಾಂಡಿನಲ್ಲಿ ದೀಪ ಮಿನುಗುವ ತೂಕದ ಯಂತ್ರ ಹತ್ತಿಸಿದೆವು. ಟಿಕೆಟ್ಟು ಬಿತ್ತು. ಅತ್ತೆ ಒಂದು ಕಡೆ ಓದಿದರು, ತಿರುಗಿಸಿ ಇನ್ನೊಂದು ಕಡೆ ಓದಿದರು, ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಭವಿಷ್ಯ ಚೆನ್ನಾಗೈತೆ."

"ತೂಕ?" ಎಂದರು ಮಾವ.

"ನಡೀರಿ, ಬಸ್ ಹೊರಡ್ತೈತೆ."

ಮತ್ತೆ ಅಂಗಡಿ. "ತೂಕ ಗೊತ್ತಿಲ್ದಿದ್ರೆ ಹೋಗ್ಲಿ. ಬೇಗ ಎತ್ಬೇಕಾ, ನಿಧಾನಕ್ಕೆ ಎತ್ಬೇಕಾ? ಅದ್ರ ಮೇಲೆ ಐತೆ ಎಚ್‌ಪಿ" ಎಂದ ಅಂಗಡಿಯವನು. "ಎತ್ತಿದ್ರೆ ಸಾಕು ಕಣಪ್ಪಾ. ದೊಡ್ಡದೇ ಕೊಡು" ಎಂದರು ಮಾವ. ಎರಡು ಎಚ್‌ಪಿಯ ಮೋಟರು ಮೊಳಕಾಲ್ಮುರಿಗೆ ಬಸ್ಸಿನ ಟಾಪಿನ ಮೇಲೆ ಹೋಯಿತು.

ಪರೀಕ್ಷೆಯ ದಿನ ಅತ್ತೆಯ ಬದಲು ಶೇಂಗಾ ಮೂಟೆಯನ್ನು ಮಣೆಗೆ ಕಟ್ಟಿದೆವು. ಮಾವ ಸ್ವಿಚ್ಚು ಒತ್ತಿದರು. ಮೋಟರು ಎಳೆದ ಕರೆಂಟಿಗೆ ಓಣಿಯ ಫ್ಯಾನುಗಳೆಲ್ಲ ಉಸಿರು ಬಿಟ್ಟು ನಿಂತವು. ಮೂಟೆ ಕಣ್ಣು ಮಿಟುಕಿಸುವಷ್ಟರಲ್ಲಿ ತೊಲೆಗೆ ಬಡಿದು ಹರಿಯಿತು. ಶೇಂಗಾ ಮಳೆ!

ಯಾರೂ ನಗಲಿಲ್ಲ. ಎಲ್ಲರೂ ತೊಲೆ ನೋಡಿದೆವು, ಆಮೇಲೆ ಅತ್ತೆಯನ್ನು ನೋಡಿದೆವು. ಮಾವ ಗೋಡೆಗೆ ಒರಗಿ ಕುಸಿದರು. "ಬೇಡ. ಬಿಟ್ಬಿಡು. ಸೀರೆ ಹಾಳಾಗಿ ಹೋಗ್ಲಿ."

ಅತ್ತೆ ಮಂಚದ ಮೇಲೆ ಬಿದ್ದ ಒಂದು ಶೇಂಗಾ ಒಡೆದು ಬಾಯಿಗೆ ಹಾಕಿಕೊಂಡರು. "ಎಷ್ಟು ನಿಧಾನ ಬೇಕು ಅಂತ ಅಂಗಡಿಯವ್ನು ಕೇಳ್ಲಿಲ್ವಾ?"

"ಕೇಳಿದ" ಎಂದೆ ನಾನು.

"ಹಂಗಾದ್ರೆ ಬಂದು ನನ್ನ ಕೇಳ್ಬೇಕಿತ್ತು. ಕೂರೋಳು ನಾನೋ, ಅವನೋ? ನೇಯ್ದ ಸೀರೇನ ಮಗ್ಗದ ಮರಕ್ಕೆ ಹೆಂಗೆ ಸುತ್ತುತೀನಿ? ಎಳೆಗೂ ಗೊತ್ತಾಗ್ಬಾರ್ದು. ಅಷ್ಟು ನಿಧಾನ." ಹೀಗೆಂದವರು ಮಾವನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದರು. ಆ ಸಂಖ್ಯೆ ಆಮೇಲೆ ನನಗೂ ತಿಳಿಯಿತು. ಇಲ್ಲಿ ಬರೆಯುವ ಧೈರ್ಯವಿಲ್ಲ.

ಮತ್ತೆ ಚಳ್ಳಕೆರೆಗೆ ಹೋದೆವು. ಅಂಗಡಿಯವನು ಲೆಕ್ಕ ಹಾಕಿದ. "ಇಷ್ಟು ನಿಧಾನಕ್ಕೆ ಕಾಲು ಎಚ್‌ಪಿ ಸಾಕು. ಈ ಗೇರ್ ಹಾಕಿದ್ರೆ ಕರೆಂಟ್ ಹೋದ್ರೂ ಹಿಡಿದು ನಿಲ್ಲುತ್ತೆ."

"ತೂಕ ಎರಡರಷ್ಟು ಹಾಕು."

"ಅಮ್ಮೋರ ತೂಕ ಇಷ್ಟೇ ಅಂದ್ರಲ್ಲ ಯಜಮಾನ್ರೇ?"

"ಹಾಕು ಅಂದ್ನಲ್ಲ!"

ತೊಟ್ಟಿಲಿನ ಐದನೆಯ ಹಗ್ಗ ನೆನಪಾಗಿ ನನಗೆ ನಗು ಬಂತು. ಅರ್ಧ ಎಚ್‌ಪಿ ಎಂದಾಯಿತು.

ಹೊಸ ಮೋಟರು ಕೂರಿಸಿದ ದಿನ ಸ್ವಿಚ್ಚಿನ ಬಳಿ ನಾನು ನಿಂತೆ. ಅತ್ತೆ ಮಂಚದಿಂದ, ಪಕ್ಕಕ್ಕೆ ಎಳೆದಿಟ್ಟಿದ್ದ ಮಣೆಗೆ ಸರಿದು ಹಗ್ಗ ಹಿಡಿದರು. ಮೋಟರು ಗುಂಯ್ ಎಂದಿತು. ಮಣೆ ಎದ್ದದ್ದು ಅತ್ತೆಗೂ ತಿಳಿಯದಷ್ಟು ನಿಧಾನ. ಗುಂಡಿಯ ಮೇಲಕ್ಕೆ ತೇಲಿ ಬಂದರು. ಇನ್ನು ಇಳಿಸಬೇಕು, ಕರೆಂಟ್ ಹೋಯಿತು!

ಮಣೆ ಮೆಲ್ಲಗೆ ತೂಗತೊಡಗಿತು. ಅತ್ತೆಯ ಹಿಮ್ಮಡಿ ಸೀರೆಯ ಎಳೆಗಳ ಕಡೆ ಹೋಗುತ್ತಿತ್ತು, ಬರುತ್ತಿತ್ತು. ಹಿಡಿದು ನಿಲ್ಲಿಸಲು ಬಗ್ಗಿದ ಮಾವನ ಕಾಲು ಗುಂಡಿಯ ಅಂಚಿನಿಂದ ಜಾರಿತು; ಎರಡೂ ಕೈಯಿಂದ ಹಗ್ಗ ಹಿಡಿದು ಅವರೂ ನೇತಾಡಿದರು. ತೊಲೆ ಕಿರ್ರೆಂದಿತು. ನಾನು ಕಣ್ಣು ಮುಚ್ಚಿಕೊಂಡೆ.

"ಬಿಡ್ರೀ! ಭಾರ ತಡೀಯಲ್ಲ!"

"ತಡೀತೈತೆ. ನನ್ನ ತೂಕಾನೂ ಸೇರ್ಸೇ ಹೇಳಿದ್ದೆ."

"ನಿಮ್ದ್ಯಾಕೆ?"

"ನೀನು ಬೀಳೋ ಹಂಗಾದ್ರೆ ನಾನು ನಿಂತು ನೋಡ್ತೀನೇನೇ?"

ಕಣ್ಣು ಬಿಟ್ಟೆ. ಅತ್ತೆಯ ಬಾಯಿಂದ ತೆಲುಗು ಬರಲಿಲ್ಲ. ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದರಿಂದ ಸೆರಗು ತೆಗೆದು ಮಾವನ ಹಣೆಯ ಬೆವರು ಒರೆಸುತ್ತಿದ್ದರು.

ಓಣಿಯ ಫ್ಯಾನುಗಳು ಮತ್ತೆ ತಿರುಗಿದ ಸದ್ದು ಕೇಳಿತು. ನನ್ನ ಬೆರಳು ಸ್ವಿಚ್ಚಿನ ಮೇಲೇ ಇತ್ತು. ಸ್ವಲ್ಪ ತಡೆದು ಒತ್ತಿದೆ. ಅಷ್ಟೇ ತಡವಾಗಿ ಆ ಮನೆಯಲ್ಲಿ ಮಗ್ಗದ ಲಾಳಿ ಮತ್ತೆ ಓಡಿತು.