ದೋಣಿಯ ಹಿಂಬದಿಗೆ ಶಿಸ್ತು ಕಲಿಸಿದ್ದು

ಇಟ್ಟ ವಸ್ತು ಇಟ್ಟ ಜಾಗದಲ್ಲೇ ಇರದಿದ್ದರೆ ನನಗೆ ಊಟ ರುಚಿಸುವುದಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಮಾಸ್ಟರಾಗಿದ್ದವನ ಮೇಲೆ ಇದಕ್ಕಾಗಿ ಯಾರೂ ಕೋಪಿಸಿಕೊಳ್ಳಬಾರದು. ನನ್ನ ಮದುವೆಯ ಗುಂಪು ಫೋಟೋಕ್ಕೆ ಹೆಣ್ಣಿನ ಕಡೆಯವರನ್ನೆಲ್ಲ ಎತ್ತರದ ಪ್ರಕಾರ ನಿಲ್ಲಿಸಿದ್ದೆ. ಮಾವನವರು ಹಿಂದಿನ ಸಾಲಿಗೂ ಅಡುಗೆಯವನು ಮುಂದಿನ ಸಾಲಿನ ನಡುಮಧ್ಯಕ್ಕೂ ಬಂದದ್ದನ್ನು ನನ್ನ ಹೆಂಡತಿ ಈಗಲೂ ಎತ್ತಿ ಆಡುತ್ತಾಳೆ.

ನಿವೃತ್ತಿಯಾದ ಮೇಲೆ ನನ್ನ ಇಡೀ ವಾರಕ್ಕೆ ಉಳಿದಿದ್ದ ಸುಖ ಒಂದೇ. ಭಾನುವಾರ ಬೆಳಿಗ್ಗೆ ಆರೂಕಾಲಿಗೆ ಸರಿಯಾಗಿ, ಉಯ್ಯಂಬಳ್ಳಿ ಕಡೆಯ ಕೆರೆಯಲ್ಲಿ, ಭಾಮೈದ ಮರಿಗೌಡನ ಹಳೇ ಅಲ್ಯೂಮಿನಿಯಂ ದೋಣಿ ಹತ್ತಿ ಮೀನು ಹಿಡಿಯಲು ಹೋಗುವುದು. ಅವನು ಮುಂದೆ ಹುಟ್ಟು ಹಾಕುತ್ತಾನೆ. ನಾನು ಹಿಂದೆ ಕೂತು ಗಾಳ ಬಿಡುತ್ತೇನೆ. ಆ ಹಿಂಬದಿಯಲ್ಲಿ ಹಾಸಿದ್ದ ಪ್ಲೈವುಡ್ ಕೊಳೆತು, ಒಂದು ಭಾನುವಾರ ನನ್ನ ಬಲಗಾಲು ಅದರೊಳಗೆ ಇಳಿಯಿತು.

"ಭಾವ, ಇನ್ನು ಇದ್ರ ಮ್ಯಾಲೆ ನಿಮ್ಮನ್ನ ಕೂರುಸ್ಕಂಡ್ ಹೋಗಾಕಾಗಲ್ಲ. ಏನಾರಾ ಆದ್ರೆ ಅಕ್ಕ ನನ್ನ ಸುಮ್ಕೆ ಬುಡಾಕಿಲ್ಲ" ಎಂದ.

ನಾನೇ ಸರಿಮಾಡುತ್ತೇನೆಂದೆ. ಹೆಂಡತಿ ನನಗಿಂತ ಅವಸರಪಟ್ಟಳು. "ಬೇಗ ಮಾಡ್ರೀ. ಭಾನುವಾರನೂ ನೀವು ಮನೇಲಿದ್ರೆ ನನ್ನ ಅಡುಗೆಮನೆ ಡಬ್ಬಗಳಿಗೆಲ್ಲ ಕವಾಯತು!"

ದೋಣಿಯನ್ನು ಅಂಗಳಕ್ಕೆ ತರಿಸಿ, ಇಟ್ಟಿಗೆಯ ಮೇಲೆ ಕೂರಿಸಿ, ಹನ್ನೆರಡು ದಿನ ದುಡಿದೆ. ಬರೀ ಒಂದು ಹಲಗೆ ಬಡಿದು ಕೈ ತೊಳೆದುಕೊಳ್ಳುವ ಜಾಯಮಾನ ನನ್ನದಲ್ಲ. ಕೆಡವಿದ ಹಳೇ ಮನೆಯ ಹೊನ್ನೆಮರದ ಕದವನ್ನೇ ಅಳತೆಗೆ ಕೊಯ್ಯಿಸಿ ಹಾಸಿದೆ. ಅದರ ಮೇಲೆ ನಾಲ್ಕು ಮೂಲೆಗೆ ನಾಲ್ಕು ಪೆಟ್ಟಿಗೆ: ಬಲೆಗೊಂದು, ಹಗ್ಗಕ್ಕೊಂದು, ಬುತ್ತಿಗೊಂದು, ಗಾಳಕ್ಕೆ ಸಿಕ್ಕಿಸಲು ರಾಮನಗರದಿಂದ ತರಿಸುವ, ನೂಲು ಬಿಚ್ಚಿ ಉಳಿದ ರೇಷ್ಮೆಹುಳಕ್ಕೊಂದು. ಆ ಹುಳದ ವಾಸನೆ ಬಲ್ಲವರು, ಬುತ್ತಿಯನ್ನು ಎದುರು ಮೂಲೆಗೆ ಯಾಕೆ ಇಟ್ಟಿರಿ ಎಂದು ಕೇಳುವುದಿಲ್ಲ. ನಡುವೆ ಬೆನ್ನೊರಗುವ ಕುರ್ಚಿ. ಎಲ್ಲದರ ಮೇಲೂ ಬಿಳಿ ಬಣ್ಣದಲ್ಲಿ ಹೆಸರು. ಕುರ್ಚಿಯ ಮೇಲೆ ನನ್ನದು. ಗಾರೆಯವರ ರಸಮಟ್ಟ ಇಟ್ಟು ನೋಡಿದರೆ, ಅದರೊಳಗಿನ ಗುಳ್ಳೆ ಅಟೆನ್ಷನ್‌ನಲ್ಲಿ ನಿಂತಂತೆ ನಡುಮಧ್ಯೆ ನಿಂತಿತು.

ಭಾನುವಾರ ನೀರಿಗಿಳಿಸಿದೆವು. ನಾನು ಕುರ್ಚಿಯಲ್ಲಿ ಕೂತದ್ದೇ ತಡ, ದೋಣಿಯ ಮೂತಿ ಆಕಾಶಕ್ಕೆದ್ದಿತು. ಮರಿಗೌಡನ ಹುಟ್ಟು ನೀರಿಗೆ ಎಟುಕದೆ ಗಾಳಿಯಲ್ಲೇ ಆಡಿತು. ನನ್ನ ಬೆನ್ನ ಹಿಂದಿನಿಂದ ಕೆರೆ ಒಳಗೆ ಬರತೊಡಗಿತು.

"ಭಾವ, ಒಸಿ ಮುಂದ್ಕೆ ಬನ್ನಿ!"

"ನನ್ನ ಜಾಗ ಇದೇ ಕಣಯ್ಯ. ಹೆಸರು ಬರೆದಿದ್ದೀನಲ್ಲ!"

"ಹೆಸ್ರು ಓದಾಕೆ ಈ ನೀರೇನು ನಿಮ್ ಸ್ಕೂಲಿಗೆ ಬಂದಿತ್ತಾ? ಬನ್ನಿ ಅಂದ್ರೆ!"

ಹೇಗೋ ದಡ ಮುಟ್ಟಿದೆವು. ಪಂಚೆ ಹಿಂಡಿಕೊಳ್ಳುತ್ತ ಅವನು ನ್ಯಾಯವಾಗಿಯೇ ಕೇಳಿದ: "ಹಿಂದ್ಗಡೆ ಇಷ್ಟು ತೂಕ ತಡ್ಯಾಕಿಲ್ಲ ಭಾವ. ಈ ಕದ, ಪೆಟ್ಗೆ ಎಲ್ಲಾ ಕಿತ್ತಾಕಿ ತೆಳ್ಳುಗಿರೋ ಹಲ್ಗೆ ಹಾಕಾನಾ, ಇಲ್ಲ ನೀವು ಇಳೀತೀರಾ? ಎರಡ್ರಲ್ಲಿ ಒಂದ್ ಹೇಳ್ಬುಡಿ."

ನಾನು ನನ್ನ ಕೈಕೆಲಸವನ್ನು ನೋಡಿದೆ. ಒಂದು ಮೂಲೆಯೂ ಸೊಟ್ಟಗಿರಲಿಲ್ಲ. ಒಂದು ಮೊಳೆಯೂ ಸಾಲು ತಪ್ಪಿರಲಿಲ್ಲ. ಅಂಥದ್ದನ್ನು ಕೀಳಲು ಮನಸ್ಸಾದರೂ ಹೇಗೆ ಬರುತ್ತದೆ?

"ಪೆಟ್ಟಿಗೆ ಇರಲಿ" ಎಂದೆ.

ಈಗ ಭಾನುವಾರ ನಾನು ದಡದ ಕಲ್ಲಿನ ಮೇಲೆ ಕೂರುತ್ತೇನೆ. ಮರಿಗೌಡ ನನ್ನ ಖಾಲಿ ಕುರ್ಚಿಯನ್ನು ಕೂರಿಸಿಕೊಂಡು ಹೋಗುತ್ತಾನೆ. ದೋಣಿ ಒಂದಿಷ್ಟೂ ಓಲಾಡದೆ, ಗೀಟೆಳೆದ ಹಾಗೆ ಕೆರೆಯ ನಡುವೆ ಸಾಗುತ್ತದೆ. ನಾನು ಹೊರಗಿದ್ದರೇ ಅದು ಅಷ್ಟು ಶಿಸ್ತಾಗಿರುವುದನ್ನು ಕಂಡು ಹೆಮ್ಮೆಪಡಬೇಕೋ ಬೇಡವೋ, ಇನ್ನೂ ತೀರ್ಮಾನಿಸಿಲ್ಲ.